ಹರಾಜಿಗೆ ಮುನ್ನ ಒಂದು ಮಾತು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ‘ಕಟ್ಟಿದ ಮನೆಯನ್ನು ಉಳಿಸಿಕೊಂಡು ನೋಡು’ ಎಂಬ ಮೂರನೆಯ ಮಾತನ್ನು ಅವರೇಕೆ ಸೇರಿಸಲಿಲ್ಲವೋ ತಿಳಿಯದು. ಅದರ ಅರ್ಥ ನನಗಾದುದು ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ.

ನಮ್ಮ ತಂದೆಯವರು ದರ್ಜಿ. ಬ್ಯಾಂಕಿನ ಸಾಲದಿಂದ ಎರಡು ಕೋಣೆಯ ಮನೆ ಕಟ್ಟಿಸಿದ್ದರು. ಕಾಯಿಲೆ ಬಂದು ಅಂಗಡಿ ಐದು ತಿಂಗಳು ಮುಚ್ಚಿತು, ಕಂತುಗಳೂ ನಿಂತವು. ಒಂದು ದಿನ ಗುಂಡಿ ಹುಡುಕಲು ಹೊಲಿಗೆ ಯಂತ್ರದ ಡ್ರಾಯರು ತೆಗೆದಾಗ ಬ್ಯಾಂಕಿನ ನೋಟೀಸು ಸಿಕ್ಕಿತು. 60 ದಿನಗಳ ಗಡುವಿನಲ್ಲಿ 41 ದಿನ ಕಳೆದುಹೋಗಿತ್ತು.

“ಏಕಪ್ಪಾ ಹೇಳಲಿಲ್ಲ?” ಎಂದೆ.

“ನಿನ್ನ ಪರೀಕ್ಷೆ ಮುಗಿಯಲಿ ಅಂತಿದ್ದೆ, ಮಗು” ಎಂದರು.

2002ರ ಸರ್ಫೇಸಿ ಕಾಯಿದೆಯ ಪ್ರಕಾರ, ಕಂತು 90 ದಿನಗಳಿಗೂ ಹೆಚ್ಚು ಬಾಕಿ ಬಿದ್ದು ಸಾಲವು ಕೆಟ್ಟ ಸಾಲವೆನಿಸಿದರೆ, ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ದಾವೆ ಹೂಡದೆಯೇ ಅಡಮಾನದ ಮನೆಯನ್ನು ವಶಪಡಿಸಿಕೊಂಡು ಮಾರಬಹುದು. ಆದರೆ ಸಾಲಗಾರನು ತನ್ನ ಅಹವಾಲನ್ನು ಬರೆದು ಸಲ್ಲಿಸಿದರೆ, ಅದನ್ನು ಒಪ್ಪದ ಬ್ಯಾಂಕು 15 ದಿನಗಳೊಳಗೆ ಕಾರಣ ತಿಳಿಸಬೇಕೆಂಬುದೂ ಅದೇ ಕಾಯಿದೆಯಲ್ಲಿದೆ. ಆ ರಾತ್ರಿಯೇ ನಾನು ಅರ್ಜಿ ಬರೆದೆ. ಅಮ್ಮನ ಬಳೆಗಳಿಂದ ಬಾಕಿಯ ಒಂದು ಪಾಲು ತೀರಿತು. ಬ್ಯಾಂಕು ಸಾಲದ ಅವಧಿಯನ್ನು ಹೆಚ್ಚಿಸಿತು. ಮನೆ ಉಳಿಯಿತು.

‘ಸಾಲ ಮಾಡಿದವನು ತೀರಿಸಲಿ, ಇದೆಂತಹ ದಯೆ?’ ಎಂದು ಕೇಳುವವರುಂಟು. ಇದು ದಯೆಯಲ್ಲ, ಲೆಕ್ಕ. 10 ಲಕ್ಷ ರೂಪಾಯಿ ಸಾಲಕ್ಕೆ ಶೇಕಡಾ 9ರ ಬಡ್ಡಿಯಲ್ಲಿ, 10 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 12,670 ರೂಪಾಯಿ. 20 ವರ್ಷಕ್ಕಾದರೆ ಸುಮಾರು 9,000. ಒಟ್ಟು ಬಡ್ಡಿ ಎರಡು ಪಟ್ಟಿಗೂ ಮಿಗಿಲಾಗುವುದು ನಿಜ. ಆದರೂ ಬೀದಿಗೆ ಬೀಳುವುದಕ್ಕಿಂತ ಅದು ಮೇಲಲ್ಲವೆ? ಠೇವಣಿದಾರರ ಹಣವೂ ಮುಳುಗುವುದಿಲ್ಲ.

1933ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಅಮೆರಿಕದ ಸರ್ಕಾರವು ಗೃಹಸ್ಥರ ಸಾಲಗಳಿಗಾಗಿಯೇ ಒಂದು ನಿಗಮವನ್ನು ಸ್ಥಾಪಿಸಿ, ಸುಮಾರು 10 ಲಕ್ಷ ಅಡಮಾನಗಳನ್ನು ದೀರ್ಘಾವಧಿಯ ಸಾಲಗಳಾಗಿ ಮಾರ್ಪಡಿಸಿತು. ಐದರಲ್ಲಿ ಒಂದು ಪಾಲಿನಷ್ಟು ಮನೆಗಳು ಆಮೇಲೂ ಕೈಬಿಟ್ಟುಹೋದವು, ಮಿಕ್ಕವು ಉಳಿದವು. ನಮ್ಮಲ್ಲಿಯೂ 2020ರಲ್ಲಿ ರಿಸರ್ವ್ ಬ್ಯಾಂಕು ಮಾರ್ಚಿಯಿಂದ ಆಗಸ್ಟಿನವರೆಗೆ ಕಂತು ಮುಂದೂಡಲು ಅವಕಾಶವಿತ್ತಿತು. ಮನಸ್ಸಿದ್ದರೆ ಮಾರ್ಗವುಂಟು.

ನಮ್ಮ ಬೀದಿಯ ಕೊನೆಯ ಮನೆಯೊಂದು ಹರಾಜಾಯಿತು. ಅಲ್ಲಿದ್ದ ಅಜ್ಜಿಗೆ ಓದು ಬಾರದು. ಬಂದ ನೋಟೀಸನ್ನು ದೇವರ ಪಟದ ಹಿಂದೆ ಜೋಪಾನವಾಗಿಟ್ಟಿದ್ದರು. ನಮಗೂ ಅವರಿಗೂ ಇದ್ದ ವ್ಯತ್ಯಾಸ ಒಂದು ಅರ್ಜಿ ಮಾತ್ರ. ಪರಿಹಾರವು ಕೇಳಬಲ್ಲವರಿಗಷ್ಟೇ ದೊರೆಯಬಾರದು. ಅವಧಿ ಹೆಚ್ಚಿಸುವ ದಾರಿಯನ್ನು ನೋಟೀಸಿನ ಮೊದಲ ಸಾಲಿನಲ್ಲಿಯೇ, ಸರಳ ಕನ್ನಡದಲ್ಲಿ, ಬ್ಯಾಂಕುಗಳೇ ತಿಳಿಸುವಂತಾಗಬೇಕು.

ಅಲ್ಲಿಯವರೆಗೆ, ಮಿತ್ರರೆ, ನಿಮ್ಮ ಬೀದಿಯಲ್ಲಿ ಅಂಥ ಕಾಗದ ಬಂದಿದ್ದರೆ ಓದಿ ಹೇಳಿರಿ. ನಾವು ಕಲಿತ ಅಕ್ಷರಕ್ಕೆ ಇದಕ್ಕಿಂತ ಮಿಗಿಲಾದ ಉಪಯೋಗವನ್ನು ನಾನರಿಯೆ.