ಯರೇಹಂಚಿನಾಳದ ಶಿವಮ್ಮನ ಹಿಂದೆ ಹಿಂದೆ

ಗದಗ ಬಿಟ್ಟು ರೈಲು ಕೊಪ್ಪಳದ ಕಡೆ ಹೊರಟರೆ ಕಿಟಕಿಯ ಎರಡೂ ಬದಿ ಕಪ್ಪು ಮಣ್ಣಿನ ಬಯಲು. ಬನ್ನಿಕೊಪ್ಪ, ಭಾನಾಪುರ ಅಂತ ಸಣ್ಣ ಸಣ್ಣ ಸ್ಟೇಷನ್‌ಗಳು ಬಂದು ಹೋಗುತ್ತವೆ. ಹಂಪಿಗೆ ಹೊರಟವರು ಇಲ್ಲಿ ಇಳಿಯುವುದು ಕಡಿಮೆ. ಗೊತ್ತಿದ್ದ ಕೆಲವರು ಮಾತ್ರ ಇಟಗಿಗೆ ಹೋಗುತ್ತಾರೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಅಲ್ಲಿನ ಗುಡಿಯನ್ನು ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ಪಕ್ಕದ ಕುಕನೂರಿನಲ್ಲಿ ನವಲಿಂಗ, ಮಹಾಮಾಯಿ ಗುಡಿಗಳಿವೆ. ಅವನ್ನು ನೋಡಿ, ಫೋಟೊ ತೆಗೆದುಕೊಂಡು, ಕತ್ತಲಾಗುವ ಮೊದಲು ಹೊಸಪೇಟೆ ಸೇರುವುದು ವಾಡಿಕೆ.

ಇದೇ ಸೀಮೆಯ ಯರೇಹಂಚಿನಾಳ ಪ್ರವಾಸಿಗರ ಪಟ್ಟಿಯಲ್ಲಿ ಇರುವ ಊರಲ್ಲ. ಹಾಗಿದ್ದೂ ಅದರ ಹೆಸರು ದಕ್ಷಿಣ ಕೊರಿಯಾದ ಬೂಸಾನ್‌ವರೆಗೆ ಹೋಗಿ ಬಂತು. ಜೈಶಂಕರ್ ಆರ್ಯರ್ ನಿರ್ದೇಶಿಸಿದ ‘ಶಿವಮ್ಮ ಯರೇಹಂಚಿನಾಳ’ ಸಿನಿಮಾಕ್ಕೆ 2022ರಲ್ಲಿ ಬೂಸಾನ್ ಚಿತ್ರೋತ್ಸವದ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಸಿಕ್ಕಿತು. ನಮ್ಮ ಥಿಯೇಟರುಗಳಿಗೆ ಬಂದದ್ದು 2024ರ ಜೂನ್‌ನಲ್ಲಿ. ನಾನು ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ, ಗದಗ ಕಡೆಯಿಂದ ಬಂದಿದ್ದ ಚಿಕ್ಕಮ್ಮನ ಜೊತೆ ನೋಡಿದೆ. ಹಾಲ್‌ನಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು.

ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವಾಕೆ. ಗಂಡ ಹಾಸಿಗೆ ಹಿಡಿದಿದ್ದಾನೆ. ಮದುವೆಗೆ ಬಂದ ಮಗಳಿದ್ದಾಳೆ. ಈ ನಡುವೆ ಊರಿಗೆ ಒಂದು ಶಕ್ತಿವರ್ಧಕ ಪೇಯ ಬರುತ್ತದೆ. ತಾನು ಕೊಳ್ಳಬೇಕು, ಇನ್ನೊಬ್ಬರಿಗೆ ಮಾರಬೇಕು, ಅವರನ್ನೂ ಸೇರಿಸಬೇಕು. ನಾವೆಲ್ಲ ‘ಚೈನ್ ಲಿಂಕ್’ ಅನ್ನುತ್ತೇವಲ್ಲ, ಅದೇ. ಗಂಡನ ಕಾಯಿಲೆಯೂ ವಾಸಿಯಾದೀತು, ಬಡತನವೂ ತೀರೀತು ಎಂದು ನಂಬಿ, ಮಗಳ ಮದುವೆಗೆ ಇಟ್ಟ ದುಡ್ಡನ್ನು ಆಕೆ ಇದಕ್ಕೆ ಹಾಕುತ್ತಾಳೆ. ಮುಂದಿನದನ್ನು ನೀವೇ ನೋಡಿ.

ಇದರಲ್ಲಿ ಫೈಟ್ ಇಲ್ಲ, ಡ್ಯೂಯೆಟ್ ಇಲ್ಲ. ಹೆಸರು ಕೇಳಿದ ನಟರೂ ಇಲ್ಲ. ಶಿವಮ್ಮನಾಗಿರುವ ಶರಣಮ್ಮ ಚೆಟ್ಟಿ ಸೇರಿ ಹೆಚ್ಚಿನವರು ಅದೇ ನೆಲದ ಜನ. ಕ್ಯಾಮೆರಾ ಆಕೆಯ ಬೆನ್ನು ಹತ್ತಿ ಓಣಿಯಲ್ಲಿ ನಡೆಯುತ್ತದೆ, ಕಟ್ಟೆಯ ಮೇಲೆ ಕೂತವರ ಮಾತಿಗೆ ನಿಲ್ಲುತ್ತದೆ, ಅಡುಗೆಮನೆಯ ಹೊಸ್ತಿಲಲ್ಲಿ ಕಾಯುತ್ತದೆ. ಮೊದಲ ಹತ್ತು ನಿಮಿಷ ‘ಇದೇನು, ಕತೆಯೇ ಶುರುವಾಗಲಿಲ್ಲವಲ್ಲ’ ಅನ್ನಿಸಿತು. ಆಮೇಲೆ ತಿಳಿಯಿತು, ಹೊಸ ಊರಿಗೆ ಹೋದಾಗಲೂ ಹೀಗೇ ಅಲ್ಲವೇ? ಯಾರು ಯಾರಿಗೆ ಏನಾಗಬೇಕು ಎಂದು ಗೊತ್ತಾಗಲು ಒಂದಷ್ಟು ಹೊತ್ತು ಸುಮ್ಮನೆ ಕೂತಿರಬೇಕು.

ಪಕ್ಕದಲ್ಲಿದ್ದ ಚಿಕ್ಕಮ್ಮನಿಗೆ ಆ ತೊಂದರೆಯೇ ಇರಲಿಲ್ಲ. “ಯವ್ವಾ, ಥೇಟ್ ನಮ್ಮ ಓಣ್ಯಾಗಿನ ಹೆಂಗಸರು ಮಾತಾಡಿದಂಗ ಐತಿ ನೋಡ” ಎಂದು ಮೊದಲ ದೃಶ್ಯಕ್ಕೇ ನಕ್ಕರು. ಸಿನಿಮಾದಲ್ಲಿ ಈ ಭಾಷೆ ಬಂದರೆ ಸಾಮಾನ್ಯವಾಗಿ ನಗಿಸಲು ಬರುತ್ತದೆ. ಇಲ್ಲಿ ಅದು ಜಗಳಕ್ಕೆ, ಗೋಗರೆಯುವುದಕ್ಕೆ, ಲೆಕ್ಕಾಚಾರಕ್ಕೆ ಎಲ್ಲದಕ್ಕೂ ಬಂತು. ಇಂಟರ್‌ವಲ್ ಹೊತ್ತಿಗೆ ಚಿಕ್ಕಮ್ಮ ನಗುವುದನ್ನು ನಿಲ್ಲಿಸಿದ್ದರು. “ಗೊತ್ತಿಲ್ಲದವರು ಬಂದು ಕೇಳಿದ್ರ ಯಾರು ರೊಕ್ಕ ಕೊಡ್ತಾರ? ಮನಿ ಮಂದೀನ ಬಂದು ಕೇಳಿದ್ರ ಹೆಂಗ ಒಲ್ಲೆ ಅನ್ನೂದು?” ಅಂದರು.

ಇಡೀ ಸಿನಿಮಾದ ಗಂಟು ಆ ಮಾತಿನಲ್ಲಿದೆ ಅನ್ನಿಸಿತು. ಹಳ್ಳಿಯಲ್ಲಿ ಬ್ಯಾಂಕಿಗಿಂತ ದೊಡ್ಡ ಬಂಡವಾಳ ಎಂದರೆ ನಂಟು. ಕಡ ಸಿಗುವುದು ಅದರಿಂದ, ಹೆರಿಗೆ-ಸಾವಿಗೆ ಜನ ಬರುವುದು ಅದರಿಂದ. ಚೈನ್ ಲಿಂಕ್ ವ್ಯಾಪಾರ ಮಾರುವುದು ಆ ನಂಟನ್ನೇ. ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ, ನಿಜ. ಆದರೆ ಡಬ್ಬಿ ಹಿಡಿದು ಬಾಗಿಲಿಗೆ ಬಂದವಳು ಅತ್ತಿಗೆಯೋ ಗೆಳತಿಯೋ ಆದರೆ ನಿಯಮ ಯಾರಿಗೆ ನೆನಪಾಗುತ್ತದೆ? ದುಡ್ಡು ಹೋದರೆ ದುಡಿಯಬಹುದು. ಮಾತು ನಿಂತುಹೋದ ಮನೆಗಳ ನಡುವೆ ಬದುಕುವುದು ಕಷ್ಟ.

ನನಗೆ ಹಿಡಿಸಿದ್ದು, ನಿರ್ದೇಶಕರು ಶಿವಮ್ಮನನ್ನು ಪಾಪದವಳು ಎಂದು ಕೂರಿಸಿಬಿಡುವುದಿಲ್ಲ. ಆಕೆಗೆ ಹಟವಿದೆ, ಆಸೆಯಿದೆ, ಬೇಕಾದಾಗ ಸುಳ್ಳೂ ಬರುತ್ತದೆ. ಇಷ್ಟು ದುಡಿದೂ ನನಗ್ಯಾಕೆ ಮೇಲೆ ಬರಲಾಗುತ್ತಿಲ್ಲ ಎಂಬ ಆಕೆಯ ಸಿಟ್ಟು ನ್ಯಾಯದ್ದೇ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಅಂದಿನಿಂದ ಊರೂರಿನ ಮಕ್ಕಳಿಗೆ ಅನ್ನ ಬಡಿಸುತ್ತಿರುವ ಅಡುಗೆಯವರಿಗೆ ಸಿಗುವುದಕ್ಕೆ ಸಂಬಳ ಎಂಬ ಹೆಸರಿಲ್ಲ, ಅದು ‘ಗೌರವಧನ’. ಅದನ್ನು ಹೆಚ್ಚಿಸಿ ಎಂದು ಅವರು ಮತ್ತೆ ಮತ್ತೆ ಬೀದಿಗಿಳಿಯುತ್ತಲೇ ಇದ್ದಾರೆ. ಅಂಥವರಿಗೆ ಯಾರೋ ಬಂದು ‘ನೀವೇ ಮಾಲೀಕರಾಗಿ’ ಅಂದರೆ ಕಿವಿ ನೆಟ್ಟಗಾಗದೆ ಇರುತ್ತದೆಯೇ?

ಸಿನಿಮಾ ನೋಡಿದ ಮೇಲೆ ಆ ವರ್ಷದ ಚಳಿಗಾಲದಲ್ಲಿ ಇಟಗಿಗೆ ಹೋಗಿದ್ದೆ. ಎರೆ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ. ಗುಡಿಯ ಕೆತ್ತನೆ ಕಣ್ಣು ತುಂಬಿಸಿತು. ಆದರೆ ಈ ಸಲ ದಾರಿಯ ಊರುಗಳೂ ಕಣ್ಣಿಗೆ ಬಿದ್ದವು. ಒಂದು ಶಾಲೆಯ ಹಿಂಬದಿ ಇಬ್ಬರು ಹೆಂಗಸರು ದೊಡ್ಡ ಪಾತ್ರೆ ತಿಕ್ಕುತ್ತಿದ್ದರು. ಮೊದಲಾಗಿದ್ದರೆ ಕಾರು ಹಾಗೇ ಮುಂದೆ ಹೋಗುತ್ತಿತ್ತು. ಅಂದು ನಿಲ್ಲಿಸಿ ದಾರಿ ಕೇಳುವ ನೆಪದಲ್ಲಿ ನಾಲ್ಕು ಮಾತಾಡಿದೆವು. ನೀರು ಕೊಟ್ಟರು, ಎಲ್ಲಿಂದ ಬಂದಿರಿ ಎಂದು ಕೇಳಿದರು, ಊಟ ಆಯ್ತಾ ಅಂದರು.

ನೀವೂ ಹಂಪಿಗೆ ಹೊರಟಿದ್ದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಇಟಗಿ, ಕುಕನೂರು ನೋಡಿ. ಜನವರಿಯಾದರೆ ಕೊಪ್ಪಳದ ಗವಿಮಠದ ಜಾತ್ರೆಯೂ ಸಿಕ್ಕೀತು. ಹೋಗುವ ಮೊದಲು ಅವಕಾಶ ಸಿಕ್ಕರೆ ಈ ಸಿನಿಮಾ ನೋಡಿ, ಮನೆಯ ಹಿರಿಯ ಹೆಂಗಸರನ್ನೂ ಕರೆದುಕೊಂಡು. ನಮ್ಮ ಚಿಕ್ಕಮ್ಮ ಈಗಲೂ ಫೋನ್ ಮಾಡಿದಾಗ ಶಿವಮ್ಮನನ್ನು ಪಕ್ಕದ ಮನೆಯವಳೇನೋ ಎಂಬಂತೆ ವಿಚಾರಿಸುತ್ತಾರೆ: “ಅಲ್ಲವಾ, ಆಕಿ ಮಗಳ ಮದಿವಿ ಹೆಂಗಾತೋ ಏನೋ?”