ಉಳಿ ಮುಟ್ಟದ ಚೆಲುವು

ಗ್ರೀಸಿನ ಲಿವಾದಿಯಾ ದಾಟಿದ ಮೇಲೆ ರಸ್ತೆಯ ಇಕ್ಕೆಲದಲ್ಲೂ ಹತ್ತಿಯ ಹೊಲಗಳೇ. ಈ ಬಯಲೆಲ್ಲ ಒಂದು ಕಾಲಕ್ಕೆ ಕೊಪಾಯಿಸ್ ಸರೋವರದ ತಳ. 19ನೇ ಶತಮಾನದ ಕೊನೆಯಲ್ಲಿ ನೀರನ್ನು ಹೊರಗೆ ಹರಿಯಬಿಟ್ಟು ಉಳುವ ನೆಲ ಮಾಡಿಕೊಂಡರು. ಅದರ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ ಓರ್ಖೊಮೆನೋಸ್ ಊರು ಇದೆ. ಗ್ರೀಕರ ಸೌಂದರ್ಯದೇವತೆ ಎಂದರೆ ಥಟ್ಟನೆ ನೆನಪಾಗುವವಳು ಅಫ್ರೋಡೈಟಿ. ನಾನು ಹುಡುಕಿಕೊಂಡು ಬಂದದ್ದು ಅವಳ ಸಖಿಯರನ್ನು: ಕಾಂತಿಯ ಅಗ್ಲೇಯಾ, ಉಲ್ಲಾಸದ ಯೂಫ್ರೋಸಿನಿ, ಸಮೃದ್ಧಿಯ ಥಾಲಿಯಾ. ಮೂವರೂ ಸೇರಿ ಖಾರಿಟೆಸ್.

ಚಿತ್ರಕಾರ ರಾಫೆಲ್ ಬರೆದ, ಶಿಲ್ಪಿ ಕನೋವ ಕಡೆದ ಮೂವರು ಬೆತ್ತಲೆ ತರುಣಿಯರೇ ನನ್ನ ಕಣ್ಣಲ್ಲಿದ್ದರು. ಇಲ್ಲಿ ಪೂಜೆಗೊಂಡದ್ದು ಆ ರೂಪವಲ್ಲ. ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪಾಸೇನಿಯಸ್ ಬರೆದಿಟ್ಟಿದ್ದಾನೆ: ಊರವರು ಎಲ್ಲಕ್ಕಿಂತ ಮಿಗಿಲಾಗಿ ಪೂಜಿಸುತ್ತಿದ್ದದ್ದು ಕಲ್ಲುಗಳನ್ನು. ಇಲ್ಲಿನ ದೊರೆ ಎಟಿಯೊಕ್ಲಿಸನಿಗೆಂದು ಅವು ಆಕಾಶದಿಂದ ಬಿದ್ದವಂತೆ. ಕಡೆದ ಮೂರ್ತಿಗಳನ್ನು ಇಟ್ಟದ್ದು ಪಾಸೇನಿಯಸನ ಕಾಲಕ್ಕೇ! ಅಮೃತಶಿಲೆಗೆ ಉಸಿರು ಬರಿಸಬಲ್ಲ ಜನ, ಚೆಲುವಿನ ದೇವಿಯರನ್ನು ಮಾತ್ರ ಶತಮಾನಗಳ ಕಾಲ ಉಳಿ ಮುಟ್ಟದ ಕಲ್ಲಿನಲ್ಲೇ ಕಂಡುಕೊಂಡಿದ್ದರು. ಅದನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ.

ಖಾರಿಟೆಸರ ಗುಡಿ ಇದ್ದ ಜಾಗವೆಂದು ನಂಬುವ ಕಡೆ ಈಗ ಸ್ಕ್ರಿಪೂ ಚರ್ಚ್ ಇದೆ, 873-74ರಲ್ಲಿ ಕಟ್ಟಿದ್ದು. ಹಳೆಯ ಕಂಬಗಳ ದುಂಡನೆಯ ತುಂಡುಗಳನ್ನೇ ಗೋಡೆಗೆ ಪೇರಿಸಿದ್ದಾರೆ. ಒಂದರ ಮೇಲೆ ಅಂಗೈ ಇಟ್ಟೆ, ಬಿಸಿಲಿಗೆ ಕಾದಿತ್ತು.

ಚರ್ಚಿನ ಎದುರಿಗೇ ಬಯಲು ರಂಗಮಂದಿರ, ಕ್ರಿ.ಪೂ. 4ನೇ ಶತಮಾನದ್ದು. ಖಾರಿಟೆಸರ ಉತ್ಸವದಲ್ಲಿ ಕಹಳೆಯವರು, ಸಾರುವವರು, ಕವಿಗಳು, ಕೊಳಲು ಮತ್ತು ತಂತಿವಾದ್ಯ ನುಡಿಸುವವರು ಸ್ಪರ್ಧೆಗೆ ಇಳಿಯುತ್ತಿದ್ದರು. ಗೆದ್ದವರ ಹೆಸರು ಕೊರೆದ ಶಾಸನಗಳು ಸಿಕ್ಕಿವೆ. ಚೆಲುವೆಂದರೆ ಇವರಿಗೆ ಮುಖದ ಅಂದವಷ್ಟೇ ಆಗಿರಲಿಲ್ಲ. ಹಾಡು, ಗೆಲುವು, ಹತ್ತು ಜನ ಕೂಡಿ ಪಡುವ ಸಂತೋಷ ಎಲ್ಲವೂ ಈ ದೇವಿಯರದೇ ಕೊಡುಗೆ.

ಕವಿ ಪಿಂಡಾರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಒಲಿಂಪಿಯಾದ ಓಟದಲ್ಲಿ ಗೆದ್ದ ಈ ಊರಿನ ಹುಡುಗ ಅಸೋಪಿಖೋಸನಿಗಾಗಿ ಕಟ್ಟಿದ ಹಾಡಿನಲ್ಲಿ ಅವನು ಮೊದಲು ಕರೆಯುವುದೇ ಖಾರಿಟೆಸರನ್ನು. ಅವರಿಲ್ಲದೆ ದೇವತೆಗಳೂ ಕುಣಿಯರು, ಉಣ್ಣರು ಅನ್ನುತ್ತಾನೆ. ಹುಡುಗನ ತಂದೆ ಆಗಲೇ ತೀರಿಕೊಂಡಿದ್ದ. ಪಾತಾಳಕ್ಕೆ ಹೋಗಿ ಮಗ ಗೆದ್ದ ಸುದ್ದಿಯನ್ನು ಅವನಿಗೆ ಮುಟ್ಟಿಸೆಂದು ಪಿಂಡಾರ್ ಪ್ರತಿಧ್ವನಿಯನ್ನು ಬೇಡಿಕೊಳ್ಳುತ್ತಾನೆ. ರಂಗದ ನಡುವೆ ನಿಂತು ಆ ಮೂವರು ದೇವಿಯರ ಹೆಸರುಗಳನ್ನು ಗಟ್ಟಿಯಾಗಿ ಕೂಗಿದೆ.