ಎದುರು ನಿಂತವರು ಜೊತೆಯಾದದ್ದು

ಪ್ರಿಯ ಗೆಳತಿ,

ಇಂಗ್ಲಿಷಿನಲ್ಲಿ ‘ಫೈಟ್ ವಿತ್’ ಅಂದರೆ ಜೊತೆ ಸೇರಿ ಹೋರಾಡುವುದೋ, ಎದುರು ನಿಂತು ಹೋರಾಡುವುದೋ ಎಂದು ಕೇಳಿದ್ದೀರಿ. ಎಷ್ಟು ಒಳ್ಳೆಯ ಪ್ರಶ್ನೆ! ಎರಡೂ ಹೌದು. 1415ರಲ್ಲಿ ಅಜಿನ್‌ಕೋರ್ಟ್‌ನಲ್ಲಿ ಇಂಗ್ಲಿಷರು ಕಾದಾಡಿದ್ದು ಫ್ರೆಂಚರ ಮೇಲೆ. 1916ರಲ್ಲಿ ಸೊಮ್ ನದಿಯ ಬಳಿ ಅದೇ ಫ್ರೆಂಚರ ಪಕ್ಕದಲ್ಲಿ ನಿಂತು ಜರ್ಮನರ ಮೇಲೆ. ಎರಡಕ್ಕೂ ‘ವಿತ್’ ಸಲ್ಲುತ್ತದೆ.

ಇವೆರಡರಲ್ಲಿ ಹಳೆಯದು ಎದುರು ನಿಲ್ಲುವ ಅರ್ಥ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ವಿತ್’ ಎಂದರೆ ಮುಖ್ಯವಾಗಿ ‘ಎದುರಾಗಿ’, ‘ವಿರುದ್ಧ’. ‘ಬೇವುಲ್ಫ್’ ಕಾವ್ಯದ ನಾಯಕ ಗ್ರೆಂಡೆಲ್ ಎಂಬ ರಾಕ್ಷಸನನ್ನು ಎದುರಿಸುತ್ತೇನೆನ್ನುವಾಗ ಬಳಸುವುದು ಇದೇ ಪದವನ್ನು. ಬೇರು ಇನ್ನೂ ಆಳದಲ್ಲಿದೆ. ‘ಬೇರೆಬೇರೆಯಾಗಿ’ ಎಂಬ ಅರ್ಥದ ಪುರಾತನ ‘ವಿ’ ಅದರ ಮೂಲ. ಸಂಸ್ಕೃತದ ‘ವಿ’ ಉಪಸರ್ಗ ಹುಟ್ಟಿದ್ದೂ ಅಲ್ಲಿಂದಲೇ. ವಿಯೋಗ, ವಿಭಾಗ ಎಂದು ನಾವು ಕನ್ನಡದಲ್ಲಿ ಆಡುತ್ತೇವಲ್ಲ, ಆ ‘ವಿ’ಯೂ ಇಂಗ್ಲಿಷರ ‘ವಿತ್’ ಕೂಡ ಒಂದೇ ಬಳ್ಳಿಯವು. ಅಗಲಿಸುವ ಬೇರಿನಿಂದ ಕೂಡಿಸುವ ಪದ ಚಿಗುರಿತು ಎಂಬುದು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಅದು ಹೇಗಾಯಿತು? ಜಗಳಕ್ಕೂ ಮಾತುಕತೆಗೂ ವ್ಯಾಪಾರಕ್ಕೂ ಇಬ್ಬರು ಮುಖಾಮುಖಿ ಆಗಲೇಬೇಕು. ಎದುರು ನಿಂತವರು ಹತ್ತಿರವೂ ಇರುತ್ತಾರೆ. ‘ಹತ್ತಿರ’, ‘ಪಕ್ಕದಲ್ಲಿ’ ಎಂಬ ಅರ್ಥಗಳು ಹಳೆಯ ಇಂಗ್ಲಿಷಿನಲ್ಲೇ ಈ ಪದಕ್ಕೆ ಅಂಟಿಕೊಂಡಿದ್ದವು. ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆಸಿದ ವೈಕಿಂಗರ ನುಡಿಯಲ್ಲಿದ್ದ ಇದರದೇ ಜೋಡಿಪದವೂ ಈ ತಿರುವಿಗೆ ನೆರವಾಗಿರಬಹುದು ಎನ್ನುತ್ತಾರೆ ವಿದ್ವಾಂಸರು. ನಮ್ಮ ‘ಒಡನೆ’ ಬಂದ ದಾರಿ ಇದಕ್ಕೆ ತಿರುಗುಮುರುಗು. ಅದು ಮೊದಲಿಂದಲೂ ಕೂಡಿರುವುದರ ಪದ. ಆದರೂ ‘ಶತ್ರುಗಳೊಡನೆ ಹೋರಾಡಿದ’ ಎನ್ನಲು ನಮಗೆ ಯಾವ ಅಡ್ಡಿಯೂ ಇಲ್ಲ.

ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. ಬ್ಯಾಂಕಿನಿಂದ ದುಡ್ಡು ‘ವಿತ್‌ಡ್ರಾ’ ಮಾಡುತ್ತೇವೆ; ಅಲ್ಲಿ ಜೊತೆಯ ಸುಳಿವೇ ಇಲ್ಲ, ಇರುವುದು ಆಚೆಗೆ ಎಳೆದುಕೊಳ್ಳುವುದು. ‘ವಿತ್‌ಸ್ಟ್ಯಾಂಡ್’ ಎಂದರೆ ಎದುರಿಸಿ ನಿಲ್ಲುವುದು.

ಹಾಗಾದರೆ ‘ಜೊತೆ’ ಎನ್ನಲು ಆಗಿನವರು ಏನು ಬಳಸುತ್ತಿದ್ದರು? ‘ಮಿಡ್’. ಜರ್ಮನರು ‘ಮಿಟ್’ ಎಂದು ಅದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಮಾತ್ರ 14ನೇ ಶತಮಾನ ಮುಗಿಯುವ ಹೊತ್ತಿಗೆ ‘ವಿತ್’ ಅದರ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿತ್ತು. ಆ ಹಳೆಯ ‘ಮಿಡ್’ ಈಗ ಉಳಿದಿರುವುದು ಸೂಲಗಿತ್ತಿಯ ಹೆಸರಾದ ‘ಮಿಡ್‌ವೈಫ್’ನಲ್ಲಿ. ‘ವೈಫ್’ ಎಂದರೆ ಆ ಕಾಲಕ್ಕೆ ಬರೀ ಹೆಂಗಸು, ಹೆಂಡತಿಯೇ ಆಗಬೇಕಿರಲಿಲ್ಲ. ‘ಮಿಡ್’ ಎಂದರೆ ನಡುವೆ ಎಂದುಕೊಂಡು ಈ ಪದವನ್ನು ಬಿಡಿಸಹೊರಟರೆ ದಾರಿ ತಪ್ಪುತ್ತದೆ: ಹೆರುವ ತಾಯಿಯ ಜೊತೆಗಿರುವ ಹೆಂಗಸು ಎಂದೇ ಅದರ ಅರ್ಥ.

ಪ್ರೀತಿಯಿಂದ,
ನಿಮ್ಮ ಸ್ನೇಹಿತ